ಬೇಲಿ ಬರಿದಾದ ಮೇಲೆ ಹಬ್ಬದ ಒಲೆಗೇನು ಕೆಲಸ?

ಮಲೆನಾಡಿನ ಹಬ್ಬದ ದಿನವನ್ನು ಪಂಚಾಂಗ ಹೇಳುತ್ತದೆ. ಆ ದಿನ ಏನು ಬೇಯಬೇಕೆಂಬುದನ್ನು ಮಳೆ, ಮಣ್ಣು ಮತ್ತು ಕಾಡು ಹೇಳುತ್ತವೆ. ಆಷಾಢದ ಮಳೆಗೆ ಮರದ ಕೊಂಬೆಗಳ ಮೇಲೆ ಮರಕೆಸು ಚಿಗುರುತ್ತದೆ, ಮನೆಮನೆಯಲ್ಲಿ ಪತ್ರೊಡೆಯಾಗುತ್ತದೆ. ಶ್ರಾವಣದ ನಾಗರಪಂಚಮಿಯ ಹೊತ್ತಿಗೆ ಹಿತ್ತಲಿನ ಅರಿಶಿನದ ಎಲೆ ಅಂಗೈಗಿಂತ ಅಗಲವಾಗಿರುತ್ತದೆ, ಅದರೊಳಗೆ ಕಡುಬು ಬೇಯುತ್ತದೆ. ಆಶ್ವಯುಜದ ಹುಣ್ಣಿಮೆಗೆ ಭತ್ತದ ತೆನೆ ಹಾಲುಗಟ್ಟುತ್ತದೆ, ಬೇಲಿಯ ಸೊಪ್ಪೆಲ್ಲ ಗದ್ದೆಗೆ ಎಡೆಯಾಗಿ ಹೋಗುತ್ತದೆ. ದೀಪಾವಳಿಗೆ ಮೊಗೆಕಾಯಿ, ಸುಗ್ಗಿಯ ಆಲೆಮನೆಯ ದಿನಗಳಲ್ಲಿ ಕಬ್ಬಿನ ಹಾಲಿನ ತೊಡದೇವು, ಬೇಸಿಗೆಯ ಆರಂಭದಲ್ಲಿ ಹೊಳೆಬದಿಯ ಅಪ್ಪೆಮಿಡಿ. ಹೀಗೆ ವರ್ಷದ ಊಟದ ಪಟ್ಟಿಯೇ ಒಂದು ಊರಿನ ಸಸ್ಯಸಂಪತ್ತಿನ ಪಟ್ಟಿಯೂ ಆಗಿರುತ್ತದೆ.

ಈ ಪಟ್ಟಿ ಈಗ ವೇಗವಾಗಿ ಚಿಕ್ಕದಾಗುತ್ತಿದೆ. ಹಬ್ಬ ನಿಂತಿಲ್ಲ, ನೆಂಟರಿಷ್ಟರ ಬರವೂ ನಿಂತಿಲ್ಲ. ಆದರೆ ಗೃಹಪ್ರವೇಶಕ್ಕೂ ಗಣೇಶನ ಹಬ್ಬಕ್ಕೂ ಬೀಗರ ಊಟಕ್ಕೂ ಒಂದೇ ಬಗೆಯ ಅಡುಗೆ ಬಡಿಸುವ ಕಾಲ ಬಂದಿದೆ. ಇದನ್ನು ಕೇವಲ ನಾಲಿಗೆಯ ಚಪಲವೆಂದೋ ಕಾಲಕ್ಕೆ ತಕ್ಕ ಕೋಲವೆಂದೋ ತಳ್ಳಿಹಾಕುವವರಿದ್ದಾರೆ. ಮಾತು ಅಷ್ಟು ಹಗುರವಾದುದಲ್ಲ. ಒಂದು ಅಡುಗೆ ಮನೆಯಿಂದ ಹೊರಟುಹೋದಾಗ ಅದಕ್ಕೆ ಬೇಕಾಗಿದ್ದ ಗಿಡದ ಕಾವಲುಗಾರರೂ ಹೊರಟುಹೋಗುತ್ತಾರೆ. ಯಾರಿಗೂ ಬೇಡವಾದ ಗಿಡವನ್ನು ಯಾವ ಕಾಯ್ದೆಯೂ ಬಹುಕಾಲ ಉಳಿಸಲಾರದು.

ಭೂಮಿಯ ಬಯಕೆಯ ಊಟ

ಈ ಸಂಬಂಧವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವ ಹಬ್ಬ ಭೂಮಿ ಹುಣ್ಣಿಮೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ ಭಾಗದ ರೈತ ಕುಟುಂಬಗಳು, ಅದರಲ್ಲೂ ದೀವರು, ಆಶ್ವಯುಜ ಮಾಸದ ಸೀಗೆ ಹುಣ್ಣಿಮೆಯಂದು ಇದನ್ನು ಆಚರಿಸುತ್ತಾರೆ. ತೆನೆ ತುಂಬುತ್ತಿರುವ ಪೈರು ಎಂದರೆ ತುಂಬು ಬಸುರಿ. ಬಸುರಿಯ ಬಯಕೆ ತೀರಿಸುವುದು ಮನೆಯವರ ಧರ್ಮ. ಆದ್ದರಿಂದ ಅಂದು ಭೂಮಿಗೆ ಬಯಕೆಯ ಊಟ.

ಇದಕ್ಕಾಗಿ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಿಂದ ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಕಡುಬು, ಹೋಳಿಗೆ, ಬಗೆಬಗೆಯ ಪಲ್ಯಗಳು ಸಿದ್ಧವಾಗುತ್ತವೆ. ಅವುಗಳ ನಡುವೆ ಒಂದು ಪಾತ್ರೆಯಲ್ಲಿ ಹಚ್ಚಂಬಲಿ ಬೇಯುತ್ತದೆ. ಬೇಲಿ, ಹಿತ್ತಲು, ಗದ್ದೆಯ ಅಂಚು, ಕಾಡಿನ ಸೆರಗು, ಎಲ್ಲಿ ಸಿಕ್ಕುತ್ತವೋ ಅಲ್ಲಿಂದ ತಂದ ಸೊಪ್ಪು, ಕುಡಿ, ಕಾಯಿಗಳ ಬೆರಕೆ ಅದು. ನೂರೊಂದು ಬಗೆಯ ಸೊಪ್ಪು ಬೀಳಬೇಕೆಂದು ಹಿರಿಯರು ಹೇಳುತ್ತಾರೆ. ನಸುಕಿನಲ್ಲಿ, ಕಾಗೆ ಕೂಗುವುದಕ್ಕೆ ಮೊದಲೇ, ಅದನ್ನು ಗದ್ದೆ ತೋಟಗಳಿಗೆಲ್ಲ ಬೀರಿ, ಉಂಡು ಹೋಗುವಂತೆ ಭೂಮಿತಾಯಿಯನ್ನು ಕೂಗಿ ಕರೆಯುತ್ತಾರೆ. ಕೆಲವೆಡೆ ಕಾಗೆಗೂ ಇಲಿಗೂ ಪ್ರತ್ಯೇಕ ಎಡೆ ಇಡುವ ರೂಢಿಯಿದೆ.

ನೂರೊಂದು ಎಂಬ ಸಂಖ್ಯೆಯನ್ನು ಯಾರೂ ಎಣಿಸಿ ಹಾಕದಿರಬಹುದು. ಆದರೆ ಅದರ ಒಳಗೊಂದು ಕಟ್ಟಳೆಯಿದೆ. ಸಿಕ್ಕಿದ ನಾಲ್ಕು ಸೊಪ್ಪು ತಂದರೆ ಸಾಲದು, ಹುಡುಕಬೇಕು. ಹುಡುಕಬೇಕೆಂದರೆ ಗುರುತು ತಿಳಿದಿರಬೇಕು. ಒಂದೆಲಗ, ಹೊನಗೊನೆ, ಚಗತೆ, ಗಣಿಕೆ, ಕನ್ನೆಕುಡಿ, ಕೆಸು, ಹರಿವೆ, ಬಸಳೆ ಎಂದು ಅಜ್ಜಿ ಹೇಳಿಕೊಟ್ಟದ್ದನ್ನು ಮೊಮ್ಮಗಳು ವರ್ಷಕ್ಕೊಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಇದು ಊರಿನ ಜೀವವೈವಿಧ್ಯದ ವಾರ್ಷಿಕ ಗಣತಿ. ಸಂಬಳವಿಲ್ಲದೆ, ಅರ್ಜಿ ನಮೂನೆಗಳಿಲ್ಲದೆ, ಅಕ್ಷರ ಕಲಿಯದ ಹೆಂಗಸರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಗಣತಿ.

ಎಲೆ ಬೇಕಾದರೆ ಗಿಡ ಬೇಕು

ಅಂಗಡಿಯ ಪೊಟ್ಟಣದಲ್ಲಿ ಅರಿಶಿನದ ಪುಡಿ ವರ್ಷವಿಡೀ ಸಿಗುತ್ತದೆ. ಕಡುಬಿಗೆ ಬೇಕಾದದ್ದು ಎಲೆ. ಅದು ಕೊಯ್ದ ಒಂದೆರಡು ದಿನಗಳಲ್ಲಿ ಬಾಡುತ್ತದೆ. ಕಡುಬಿನ ಆಸೆ ಇರುವವರೆಗೆ ಹಿತ್ತಲಿನ ಬಾವಿಕಟ್ಟೆಯ ಬಳಿ ನಾಲ್ಕು ಬುಡ ಅರಿಶಿನ ಇರಲೇಬೇಕು. ಕೊಟ್ಟೆ ಕಡುಬಿಗೆ ಹಲಸಿನ ಎಲೆ ಬೇಕು, ಊಟಕ್ಕೆ ಬಾಳೆ ಎಲೆ ಬೇಕು. ಪುಡಿಯನ್ನು ಮಾರುಕಟ್ಟೆ ಕೊಡುತ್ತದೆ, ಎಲೆಯನ್ನು ಹಿತ್ತಲು ಕೊಡುತ್ತದೆ. ಹಬ್ಬದ ಅಡುಗೆಯ ಗುಟ್ಟು ಇಲ್ಲಿದೆ. ದೂರದಿಂದ ತರಲಾಗದ ಪದಾರ್ಥವನ್ನೇ ಅದು ಕೇಳುತ್ತದೆ. ಹಾಗೆ ಕೇಳುವುದರಿಂದಲೇ ಆ ಪದಾರ್ಥ ಊರಿನಲ್ಲಿ ಉಳಿಯುತ್ತದೆ.

ಅಡುಗೆಯ ವಿಧಾನದೊಳಗೂ ಸಸ್ಯಗಳ ಆಳವಾದ ತಿಳಿವಳಿಕೆ ಅಡಗಿದೆ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಸೂಕ್ಷ್ಮ ಆಕ್ಸಲೇಟ್ ಹರಳುಗಳಿವೆ; ಗಂಟಲು ತುರಿಸುವುದು ಅದರಿಂದ. ಪತ್ರೊಡೆಯ ಹಿಟ್ಟಿಗೆ ಧಾರಾಳವಾಗಿ ಹುಣಸೆ ಅರೆದು ಸೇರಿಸಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವ ಕ್ರಮ ಈ ತುರಿಕೆಯನ್ನು ಬಲ್ಲವರು ಕಂಡುಕೊಂಡದ್ದು. ಎಳೆ ಬಿದಿರಿನ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡಬಲ್ಲ ಅಂಶವಿದೆ. ಅದನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಮೂರನೆಯ ದಿನ ಬೇಯಿಸುವ ಕ್ರಮವನ್ನು ಮಲೆನಾಡಿನ ಹೆಂಗಸರು ಯಾವ ಪ್ರಯೋಗಾಲಯದಲ್ಲೂ ಕಲಿಯಲಿಲ್ಲ. ಕೊಡಗಿನಲ್ಲಿ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪನ್ನು ಕುದಿಸಿ ಬಸಿದ ಕಡುನೇರಳೆ ಬಣ್ಣದ ನೀರಿನಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುತ್ತಾರೆ. ವರ್ಷದ ಆ ಒಂದು ದಿನಕ್ಕಾಗಿ ಆ ಗಿಡದ ಗುರುತು ಇಡೀ ಜಿಲ್ಲೆಯಲ್ಲಿ ಮಕ್ಕಳಿಗೂ ಇದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಅಲ್ಲಿ ಮರದ ಗುರುತು ತಪ್ಪಿ ಕಾಸರಕನ ತೊಗಟೆ ಬಂದರೆ ಜೀವಕ್ಕೇ ಕುತ್ತು. ಸಸ್ಯಜ್ಞಾನವೆಂಬುದು ಪುಸ್ತಕದ ಅಲಂಕಾರವಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉತ್ತರ ಕನ್ನಡದಲ್ಲಿ ಚೌತಿಯ ಗಣಪತಿಯ ಮೇಲೆ ಕಟ್ಟುವ ಫಲಾವಳಿಯೂ ಇದೇ ಜಾತಿಯದು. ಆ ಋತುವಿನಲ್ಲಿ ತೋಟ, ಬೆಟ್ಟ, ಕಾಡುಗಳಲ್ಲಿ ಬಿಟ್ಟ ಕಾಯಿ, ಹಣ್ಣು, ಗೊಂಚಲುಗಳೆಲ್ಲ ಅಲ್ಲಿ ತೂಗಬೇಕು. ಇಂದು ಅನೇಕ ಮನೆಗಳ ಫಲಾವಳಿಯಲ್ಲಿ ಪೇಟೆಯಿಂದ ತಂದ ಸೇಬು, ಮೋಸಂಬಿ ತೂಗುತ್ತಿವೆ. ಗಣಪತಿಗೆ ಬೇಸರವಾಗಿದೆಯೋ ಇಲ್ಲವೋ ಗೊತ್ತಿಲ್ಲ. ಬೆಟ್ಟದ ಕಾಯಿಗಳ ಹೆಸರು ಮಾತ್ರ ಮಕ್ಕಳ ಬಾಯಿಂದ ಮರೆಯಾಗಿದೆ.

ಬೇಲಿ ಹೋದದ್ದು ಎಲ್ಲಿಗೆ?

ಹಚ್ಚಂಬಲಿಗೆ ಸೊಪ್ಪು ಸಿಗುವುದಿಲ್ಲವೆಂಬ ದೂರು ಈಗ ಹಬ್ಬದ ಮುನ್ನಾದಿನದ ಮಾಮೂಲು ಮಾತಾಗಿದೆ. ಸೊಪ್ಪು ತಾನಾಗಿ ಹೋಗಲಿಲ್ಲ. ತೋಟದ ಕಳೆ ತೆಗೆಯಲು ಆಳು ಸಿಗುವುದಿಲ್ಲವೆಂದು ಕಳೆನಾಶಕ ಬಂತು. ಅದಕ್ಕೆ ಒಂದೆಲಗ ಯಾವುದು, ಕಳೆ ಯಾವುದು ಎಂಬ ಭೇದ ತಿಳಿಯದು. ಭತ್ತದಿಂದ ಲಾಭವಿಲ್ಲವೆಂದು ಗದ್ದೆಗಳು ಅಡಿಕೆ ತೋಟಗಳಾದವು, ಇಲ್ಲವೇ ಶುಂಠಿಗೆ ಗುತ್ತಿಗೆ ಹೋದವು. ಶುಂಠಿಯ ಹಿಂದೆಯೇ ಔಷಧಿ, ಗೊಬ್ಬರಗಳ ಮೂಟೆಗಳು ಬಂದವು. ಜೀವಂತ ಬೇಲಿಯಿದ್ದಲ್ಲಿ ತಂತಿಬೇಲಿ ಬಂತು. ತಂತಿಯ ಮೇಲೆ ಹೀರೆ, ತೊಂಡೆ ಹಬ್ಬಬಹುದು. ಆದರೆ ಬೇಲಿಸಾಲಿನ ನೆರಳಿನಲ್ಲಿ ತಾವಾಗಿ ಹುಟ್ಟುವ ಸೊಪ್ಪುಗಳಿಗೆ ಅಲ್ಲಿ ನೆಲೆಯಿಲ್ಲ. ಊರ ಹಿಂದಿನ ಗುಡ್ಡಗಳಲ್ಲಿ ಅರಣ್ಯೀಕರಣದ ಹೆಸರಿನಲ್ಲಿ ಅಕೇಶಿಯಾ ಎದ್ದು ನಿಂತಿತು. ಅದರ ತರಗೆಲೆಯ ಕೆಳಗೆ ದನಕ್ಕೆ ಹುಲ್ಲಿಲ್ಲ, ಮನುಷ್ಯರಿಗೆ ಸೊಪ್ಪಿಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಭತ್ತದ ಪೈರನ್ನು ಬಸುರಿಯೆಂದು ಕರೆದು ಬಯಕೆ ಬಡಿಸುವ ಹಬ್ಬ, ಭತ್ತವೇ ಇಲ್ಲದ ಊರುಗಳಲ್ಲಿ ಅಡಿಕೆ ಮರದ ಬುಡದಲ್ಲಿ ನಡೆಯುತ್ತಿದೆ. ಕಳೆನಾಶಕ ಹೊಡೆದ ತೋಟಕ್ಕೇ ನಸುಕಿನಲ್ಲಿ ಹಚ್ಚಂಬಲಿ ಬೀರಲಾಗುತ್ತಿದೆ. ಬಯಕೆಯ ಊಟ ಕೊಟ್ಟ ಕೈಯೇ ವರ್ಷದ ಉಳಿದ ದಿನಗಳಲ್ಲಿ ವಿಷ ಉಣಿಸಿದರೆ ಆ ಹಬ್ಬಕ್ಕೆ ಅರ್ಥವೇನು?

ಮಳೆಗಾಲದಲ್ಲಿ ನೆಂಟರು ಬಂದರೆ ಮಲೆನಾಡಿನ ಅನೇಕ ಮನೆಗಳಲ್ಲಿ ಕಳಲೆ ಮತ್ತು ಗದ್ದೆಯ ಏಡಿ ಸೇರಿಸಿದ ಸಾರು ಆಗುತ್ತಿತ್ತು. ಗದ್ದೆಗೆ ಕೀಟನಾಶಕ ಬಿದ್ದಲ್ಲಿ ಏಡಿ ಇಲ್ಲವಾಯಿತು. ಸಸ್ಯಾಹಾರಿಗಳ ತಂಬುಳಿಗೂ ಮಾಂಸಾಹಾರಿಗಳ ಸಾರಿಗೂ ಬಂದ ಗಂಡಾಂತರ ಒಂದೇ. ಹಬ್ಬದ ಅಡುಗೆಯ ಮಾತು ಬಂದಾಗ ಒಂದೆರಡು ಜಾತಿಗಳ ಅಡುಗೆಮನೆಯನ್ನಷ್ಟೇ ಮಲೆನಾಡಿನ ಅಡುಗೆಮನೆ ಎಂದು ತೋರಿಸುವ ಚಾಳಿಯನ್ನು ಬಿಡುವುದು ಈ ಕಾರಣಕ್ಕೂ ಅಗತ್ಯ.

ಎಲೆಯ ಮೇಲೆ ಬಂದ ಹೊಸ ಅತಿಥಿಗಳು

ಖಾಲಿಯಾದ ಜಾಗಕ್ಕೆ ಬಂದದ್ದೇನು? ಮೊದಲನೆಯದು ಎಣ್ಣೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಗಳ ಜೊತೆಗೆ ಮುರುಗಲು ಬೀಜದ ತುಪ್ಪ, ಉಪ್ಪಾಗೆ ಬೀಜದ ತುಪ್ಪಗಳನ್ನೂ ಅಡುಗೆಗೆ ಬಳಸುತ್ತಿದ್ದ ಸೀಮೆಯಲ್ಲಿ ಹಬ್ಬದ ವಡೆ, ಚಕ್ಕುಲಿಗಳು ಈಗ ಹೆಚ್ಚಾಗಿ ತಾಳೆ ಎಣ್ಣೆಯಲ್ಲಿ ಕರಿಯಲ್ಪಡುತ್ತಿವೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ. ಅದು ಬರುವುದು ಮುಖ್ಯವಾಗಿ ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ. ಅಲ್ಲಿ ಮಳೆಕಾಡುಗಳನ್ನು ಕಡಿದು ತಾಳೆ ತೋಟ ಎಬ್ಬಿಸಿದ ಚರಿತ್ರೆ ಲೋಕವೇ ಬಲ್ಲದು. ಪಶ್ಚಿಮ ಘಟ್ಟದ ಮಳೆಕಾಡು ಉಳಿಸಿ ಎಂದು ಘೋಷಣೆ ಕೂಗುವ ಸಭೆಯಲ್ಲಿಯೇ ಇನ್ನೊಂದು ದೇಶದ ಮಳೆಕಾಡಿನ ಎಣ್ಣೆಯಲ್ಲಿ ಕರಿದ ಬೋಂಡಾ ಹಂಚುವುದು ಯೋಚಿಸಬೇಕಾದ ಸಂಗತಿ.

ಎರಡನೆಯದು ಬಣ್ಣ. ಮದುವೆಮನೆಯ ಪಂಕ್ತಿಗೂ ಬಂದು ಕುಳಿತಿರುವ ಗೋಬಿ ಮಂಚೂರಿಯಲ್ಲಿ ಅಪಾಯಕಾರಿ ಕೃತಕ ಬಣ್ಣಗಳು ಪತ್ತೆಯಾದ ಮೇಲೆ ಕರ್ನಾಟಕ ಸರಕಾರ 2024ರ ಮಾರ್ಚ್‌ನಲ್ಲಿ ಅಂತಹ ಬಣ್ಣಗಳ ಬಳಕೆಯನ್ನು ನಿಷೇಧಿಸಬೇಕಾಯಿತು. ಮುರುಗಲಿನ ಕೆಂಪು, ಅರಿಶಿನದ ಹಳದಿ, ಮದ್ದು ಸೊಪ್ಪಿನ ನೇರಳೆಗಳನ್ನು ಬಲ್ಲ ನಾಡಿಗೆ ಬಟ್ಟೆಗೆ ಹಾಕುವ ಬಣ್ಣ ತಿನ್ನುವ ಗತಿ ಬರಬಾರದಿತ್ತು.

ಮೂರನೆಯದು ಪ್ಲಾಸ್ಟಿಕ್. ತಟ್ಟೆ, ಲೋಟ, ಚಮಚ, ಮೇಜಿನ ಮೇಲೆ ಹಾಸುವ ಹಾಳೆಗಳು ಸೇರಿದಂತೆ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ ಸಮಾರಂಭ ಮುಗಿದ ಮರುದಿನ ಹಳ್ಳದ ದಂಡೆಯಲ್ಲಿ ಬಿದ್ದಿರುವುದೇನೆಂದು ಎಲ್ಲರಿಗೂ ಗೊತ್ತು. ಕಾಗದದ ತಟ್ಟೆ ಎಂದು ಕರೆಯುವುದಕ್ಕೂ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ಬಾಳೆ ಎಲೆಯೋ ಮುತ್ತುಗದ ಎಲೆಯೋ ಆಗಿದ್ದರೆ ಊಟದ ನಂತರ ಅದು ದನದ ಮೇವು ಇಲ್ಲವೇ ಗೊಬ್ಬರಗುಂಡಿಯ ಪಾಲು. ಪೊರೆಯ ತಟ್ಟೆಯನ್ನು ಅನ್ನದ ವಾಸನೆಗೆ ನೆಕ್ಕುವ ದನದ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ.

ಬಳಕೆಯೊಂದೇ ಸಾಲದು

ಹಾಗಾದರೆ ಹಳೆಯ ಅಡುಗೆಗಳನ್ನೆಲ್ಲ ಮತ್ತೆ ಬಳಕೆಗೆ ತಂದರೆ ಗಿಡಮರಗಳು ಉಳಿದಾವೇ? ಈ ಪ್ರಶ್ನೆಗೆ ಅವಸರದಲ್ಲಿ ಹೌದೆನ್ನುವಂತಿಲ್ಲ. ಅಪ್ಪೆಮಿಡಿಯ ಕಥೆ ಎಚ್ಚರಿಕೆ ಹೇಳುತ್ತದೆ. ಶರಾವತಿ, ಅಘನಾಶಿನಿ, ವರದಾ, ಬೇಡ್ತಿ ನದಿಗಳ ದಂಡೆಯಲ್ಲಿ ಬೆಳೆಯುವ ಈ ಕಾಡುಮಾವಿನ ಸೊನೆಯ ಪರಿಮಳ ಮರದಿಂದ ಮರಕ್ಕೆ ಬೇರೆ. ಒಂದರಲ್ಲಿ ಜೀರಿಗೆಯ ಗಂಧ, ಇನ್ನೊಂದರಲ್ಲಿ ಕರ್ಪೂರದ್ದು. ಹಬ್ಬದೂಟದ ಕೊನೆಯಲ್ಲಿ ಬಡಿಸುವ ಅಪ್ಪೆಹುಳಿಗೂ, ವರ್ಷಗಟ್ಟಲೆ ಕೆಡದ ಉಪ್ಪಿನಕಾಯಿಗೂ ಇದಕ್ಕೆ ಸಾಟಿಯಿಲ್ಲ. 2009-10ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿತು. ಬೇಡಿಕೆ ಏರಿದಂತೆ ಮಿಡಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಕೆಡಹುವ ಪದ್ಧತಿ ಹಬ್ಬಿತು. ಕಾಡಿನಲ್ಲಿ ಒಡೆಯನಿಲ್ಲದೆ ನಿಂತ ಮರಕ್ಕೆ ಮೊದಲು ಬಂದವನೇ ಯಜಮಾನ. ಈ ವರ್ಷ ಅವನು ಬಿಟ್ಟರೆ ಮುಂದಿನ ವರ್ಷ ಇನ್ನೊಬ್ಬ ಕಡಿಯುತ್ತಾನೆಂಬ ಭಯವೇ ಕತ್ತಿಗೆ ಹರಿತ ಕೊಟ್ಟಿತು.

ಉಪ್ಪಾಗೆಗೂ ಇದೇ ಗತಿಯಾಯಿತು. ಮನೆಯ ಹುಳಿಗೆಂದು ಬುಟ್ಟಿಯಷ್ಟು ಆರಿಸುತ್ತಿದ್ದ ಹಣ್ಣು, ಅದರ ಸಿಪ್ಪೆಯ ಸತ್ವ ಮೈಬೊಜ್ಜು ಕರಗಿಸುತ್ತದೆಂದು ಹೊರದೇಶಗಳಲ್ಲಿ ಪ್ರಚಾರವಾದ ಮೇಲೆ 1990ರ ದಶಕದಲ್ಲಿ ಕ್ವಿಂಟಲುಗಟ್ಟಲೆ ಹೊರಟಿತು. ಮಾಗುವ ಮೊದಲೇ ಕೊಯ್ಲು, ಕೊಂಬೆಗಳ ಕಡಿತ. ಮಳೆಗಾಲದ ಹಣ್ಣಾದ್ದರಿಂದ ಸಿಪ್ಪೆ ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ. ಅಡುಗೆಮನೆಯ ಬಳಕೆಗೆ ಒಂದು ಮಿತಿಯಿತ್ತು, ಮಾರುಕಟ್ಟೆಯ ಹಸಿವಿಗೆ ಮಿತಿಯಿಲ್ಲ. ಅತಿಥಿಗೃಹಗಳ ಫಲಕಗಳಲ್ಲಿ ಮಲೆನಾಡಿನ ಸವಿಯೂಟದ ಹೆಸರು ಮಿನುಗುತ್ತಿರುವ ಈ ದಿನಗಳಲ್ಲಿ ಈ ಭೇದವನ್ನು ಮರೆಯುವಂತಿಲ್ಲ. ಅಡುಗೆ ಉಳಿಯುವುದೆಂದರೆ ಗಿಡವೂ, ಗಿಡದ ಮೇಲಿನ ಊರಿನ ಹಕ್ಕೂ, ಆ ಹಕ್ಕಿಗೆ ತಕ್ಕ ಕಟ್ಟುಪಾಡೂ ಒಟ್ಟಿಗೆ ಉಳಿಯುವುದು.

ಒಲೆಯ ಮುಂದೆ ಯಾರು?

ಹಬ್ಬದ ಅಡುಗೆಯನ್ನು ಹೊಗಳುವವರು ಸಾಮಾನ್ಯವಾಗಿ ಎಲೆಯ ಮುಂದೆ ಕುಳಿತವರು. ಒಲೆಯ ಮುಂದೆ ನಿಂತವರನ್ನು ಕೇಳಿದರೆ ಕಥೆ ಬೇರೆಯಿರುತ್ತದೆ. ಹಿಂದಿನ ರಾತ್ರಿ ನೆನೆಹಾಕಿ, ಬೆಳಗಿನ ಜಾವ ರುಬ್ಬಿ, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಬೇಯಿಸಿ, ಎಲ್ಲರೂ ಉಂಡೆದ್ದ ಮೇಲೆ ತಣ್ಣಗಾದ ಸಾರಿನಲ್ಲಿ ಊಟ ಮಾಡಿದವರು ಮಲೆನಾಡಿನ ಹೆಂಗಸರು. ಕೂಡುಕುಟುಂಬಗಳಲ್ಲಿ ಹತ್ತು ಕೈಗಳು ಹಂಚಿಕೊಂಡ ಕೆಲಸ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಊರಿನ ಮನೆಯಲ್ಲಿ ಉಳಿದ ಒಬ್ಬ ವೃದ್ಧೆಯ ಪಾಲಿಗೆ ಬಂದಿದೆ. ಆಕೆ ಅಡುಗೆಯವರನ್ನು ಕರೆಸಿದರೆ, ಪೊಟ್ಟಣದ ಪುಡಿ ತಂದರೆ, ಸಂಸ್ಕೃತಿ ಹಾಳಾಯಿತೆಂದು ದೂರುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ ಪರಿಸರದ ಹೆಸರಿನಲ್ಲಿ ಹೆಂಗಸರನ್ನು ಮತ್ತೆ ಒರಳಿಗೆ ಕಟ್ಟುವ ಮಾತು ಸಲ್ಲದು. ಉಳಿಯಬೇಕಾದದ್ದು ಸೊಪ್ಪಿನ ಗುರುತು, ಬೇಯಿಸುವ ಕ್ರಮ ಮತ್ತು ಹಂಚಿ ಉಣ್ಣುವ ರೂಢಿ. ಸೊಂಟ ಮುರಿಯುವ ದುಡಿಮೆ ಉಳಿಯಬೇಕಾಗಿಲ್ಲ. ರುಬ್ಬುವುದಕ್ಕೆ ಯಂತ್ರವಿದೆ, ಸೊಪ್ಪು ಬಿಡಿಸುವುದಕ್ಕೆ ಗಂಡಸರಿಗೂ ಕೈಗಳಿವೆ. ಇದಕ್ಕೆ ಮಾದರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಚೌತಿಯ ಮುಂಚೆ ನಡೆಯುವ ಚಕ್ಕುಲಿ ಕಂಬಳದಲ್ಲಿ ನೆರೆಹೊರೆಯವರು ಒಂದು ಮನೆಯಲ್ಲಿ ಸೇರುತ್ತಾರೆ. ಗಂಡಸರೂ ಸಾಲಾಗಿ ಕುಳಿತು ಕೈಯಿಂದ ಚಕ್ಕುಲಿ ಸುತ್ತುತ್ತಾರೆ. ನಾಳೆ ಇನ್ನೊಬ್ಬರ ಮನೆ. ಗದ್ದೆ ನೆಟ್ಟಿಗೆ ಮುಯ್ಯಾಳು ಇದ್ದಂತೆ ಒಲೆಗೂ ಮುಯ್ಯಾಳು ಇರಬಹುದೆಂಬುದನ್ನು ಇದು ತೋರಿಸಿಕೊಟ್ಟಿದೆ.

ಮಾಡಬಹುದಾದ ನಾಲ್ಕು ಕೆಲಸಗಳು

ಮೊದಲನೆಯದು ವಿದ್ಯಾರ್ಥಿಗಳ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2020ರ ಜನವರಿ 31ರ ಗಡುವು ವಿಧಿಸಿದಾಗ ದೇಶದ ಅನೇಕ ಕಡೆ ಇದು ತರಾತುರಿಯಲ್ಲಿ ತುಂಬಿದ ಕಡತವಾಯಿತು. ಆ ಕಡತಕ್ಕೆ ಜೀವ ಕೊಡುವ ದಾರಿಯೊಂದಿದೆ. ಪ್ರತಿ ಹಬ್ಬಕ್ಕೂ ಊರಿನ ಎಲ್ಲ ಕೇರಿಗಳ ಹಿರಿಯ ಹೆಂಗಸರ ಜೊತೆ ಸೊಪ್ಪು, ಕಾಯಿ ಆರಿಸಲು ಹೋಗಿ, ಹೆಸರು, ಸಿಕ್ಕ ಜಾಗ, ಅಡುಗೆಯ ಕ್ರಮ, ಹಿಂದೆ ಸಿಗುತ್ತಿದ್ದು ಈಗ ಸಿಗದ ಸಸ್ಯಗಳ ವಿವರಗಳನ್ನು ಬರೆದುಕೊಳ್ಳುವುದು. ಹೇಳಿದವರ ಒಪ್ಪಿಗೆ ಪಡೆದು ಪಂಚಾಯಿತಿಗೆ ಒಪ್ಪಿಸುವುದು.

ಎರಡನೆಯದು ಪ್ರತಿ ಮನೆಯದು. ಜಮೀನಿನ ಒಂದು ಬದಿಯ ಬೇಲಿಯನ್ನಾದರೂ ಕಳೆನಾಶಕ ತಾಗದ ಹಬ್ಬದ ಬೇಲಿಯೆಂದು ಬಿಡಬೇಕು. ಅಲ್ಲಿ ಸೊಪ್ಪು ತಾನಾಗಿ ಬರುತ್ತದೆ, ಬಾರದವನ್ನು ನೆರೆಮನೆಯಿಂದ ಬುಡಸಮೇತ ತಂದು ನೆಡಬಹುದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಲು ಇಪ್ಪತ್ತು ಅಡಿ ಬೇಲಿ ಸಾಕು.

ಮೂರನೆಯದು ಊರಿನದು. ಅಪ್ಪೆ, ಉಪ್ಪಾಗೆ, ಮುರುಗಲುಗಳ ಕೊಯ್ಲಿಗೆ ಗ್ರಾಮಸಭೆಯಲ್ಲಿ ದಿನ ಗೊತ್ತುಮಾಡಿ, ಕೊಂಬೆ ಕಡಿಯುವುದನ್ನು ನಿಲ್ಲಿಸಿ, ಬೀಜಕ್ಕೂ ಹಕ್ಕಿ ಪ್ರಾಣಿಗಳಿಗೂ ಪಾಲು ಬಿಡುವ ಕಟ್ಟುಪಾಡು ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಒಪ್ಪಿದೆ. ಕಾಡನ್ನು ಕಾಯುವ ಹೊಣೆಯನ್ನೂ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿದೆ.

ನಾಲ್ಕನೆಯದು ಸಮಾರಂಭ ಮಾಡುವವರೆಲ್ಲರದು. ಅಡುಗೆಯವರನ್ನು ಕರೆಸುವುದಾದರೆ ಕರೆಸಲಿ. ಆದರೆ ಆ ಋತುವಿನ, ಆ ಊರಿನ ಎರಡು ಅಡುಗೆಗಳಾದರೂ ಪಂಕ್ತಿಯಲ್ಲಿರಬೇಕು, ಊಟ ಬಾಳೆ ಎಲೆಯ ಮೇಲೆ ಆಗಬೇಕು ಎಂಬ ಷರತ್ತನ್ನು ಮುಂಗಡ ಕೊಡುವಾಗಲೇ ಹಾಕಲಿ. ಹತ್ತು ಮನೆಗಳು ಹೀಗೆ ಕೇಳಿದರೆ ಅಡುಗೆಯವರು ಸೊಪ್ಪು ಬೆಳೆಯುವವರನ್ನು ಹುಡುಕಿಕೊಂಡು ಬರುತ್ತಾರೆ.

ಮುಂದಿನ ಸೀಗೆ ಹುಣ್ಣಿಮೆಗೆ ಇನ್ನೂ ಕಾಲಾವಕಾಶವಿದೆ. ಅಷ್ಟರೊಳಗೆ ಪ್ರತಿ ಊರಿನಲ್ಲಿ ಒಂದು ಲೆಕ್ಕ ನಡೆಯಲಿ. ಹಚ್ಚಂಬಲಿಯ ಪಾತ್ರೆಗೆ ಎಷ್ಟು ಬಗೆಯ ಸೊಪ್ಪು ಸಿಗುತ್ತದೆ, ನೂರೊಂದೋ, ಮೂವತ್ತೋ, ಹತ್ತೋ? ಆ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಯಲಿ. ಅದರ ಮುಂದಿನ ವರ್ಷ ಅದು ಒಂದಾದರೂ ಹೆಚ್ಚಾಗುವಂತೆ ಊರು ನೋಡಿಕೊಳ್ಳಲಿ.